ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ: ಡೀಸೆಲ್ಲೋ ಪೆಟ್ರೋಲೋ ಅನ್ನೋ ಮುಂಚೆ ನಿಮ್ಮ ಕಿಲೋಮೀಟರ್ ಬರ್ಕೊಳ್ಳಿ

ರಾಗಿ ತೆನೆ ಬಾಗಿದೆ, ಇನ್ನೊಂದು ಹತ್ತು ದಿನಕ್ಕೆ ಕೊಯ್ಲು. ಸಂಜೆ ಆದ್ರೆ ಮೋಡ ಕಟ್ಟುತ್ತೆ, ಎದೆ ಡವಡವ ಅನ್ನುತ್ತೆ. ಆದ್ರೆ ಇವತ್ತು ಬೆಳೆ ವಿಷಯ ಬರೀತಿಲ್ಲ. ಗಾಡಿ ವಿಷಯ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಯಾಕೆ ಅಂದ್ರೆ, ಕಳೆದ ಒಂದು ತಿಂಗಳಲ್ಲಿ ನಮ್ಮ ಸುತ್ತಮುತ್ತಲ ನಾಲ್ಕು ಜನ ನನಗೆ ಒಂದೇ ಪ್ರಶ್ನೆ ಕೇಳಿದ್ರು. "ಅಣ್ಣ, ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಳ್ಳಾನ ಅಂತಿದ್ದೀನಿ, ಡೀಸೆಲ್ ತಾನೆ?" ಪ್ರಶ್ನೆ ನೋಡಿ. ಡೀಸೆಲ್ಲಾ ಪೆಟ್ರೋಲಾ ಅಂತ ಕೇಳ್ತಿಲ್ಲ. "ಡೀಸೆಲ್ ತಾನೆ?" ಅಂತ ಹೌದು ಅನ್ನಿಸ್ಕೊಳ್ಳಕ್ಕೆ ಕೇಳ್ತಿದಾರೆ. ನಾನೂ ಹೋದ ವರ್ಷ ಹಿಂಗೇ ಕೇಳಿದ್ದೆ. ಹೌದು ಅಂದೋರ ಮಾತು ಕೇಳಿ ತಗೊಂಡೆ. ಅದಕ್ಕೇ ಇದನ್ನ ಬರೀತಿರೋದು.

ಇಷ್ಟು ಜನ ಒಟ್ಟಿಗೆ ಗಾಡಿ ತಗೊಳ್ಳಕ್ಕೆ ಕಾರಣ ಗೊತ್ತಲ್ಲ, ಕೊಬ್ಬರಿ. 2023ರಲ್ಲಿ ಕ್ವಿಂಟಾಲ್‌ಗೆ 8-9 ಸಾವಿರಕ್ಕೆ ತಿಪಟೂರು ಮಾರ್ಕೆಟ್ಟಲ್ಲಿ ಮಾರಿ ಬಾಡಿಗೆ ಕಳೆದು ಬರಿಗೈಲಿ ಬಂದೋರು ನಾವು. 2025ರಲ್ಲಿ 20 ಸಾವಿರ ದಾಟಿದ್ದನ್ನ ನೋಡಿದ್ವಿ. ಆದ್ರೆ ಮರದಲ್ಲಿ ಕಾಯಿ ಕಮ್ಮಿ, ಕಪ್ಪುತಲೆ ಹುಳ, ನುಸಿ ಎಲ್ಲಾ ಐತೆ. ರೇಟ್ ಏರಿದ ಮೇಲೆ ಇಳಿಯುತ್ತೆ ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದ್ರೆ ಇದು ಪದೇ ಪದೇ ಬರೋ ದುಡ್ಡಲ್ಲ. ಇದರಲ್ಲಿ ಏಳೆಂಟು ಲಕ್ಷ ಒಂದು ಗಾಡಿಗೆ ಹಾಕ್ತೀವಿ ಅಂದ್ರೆ ಒಂದು ಬೋರ್‌ವೆಲ್ಲು, ಒಂದು ಮಗುವಿನ ಓದು ಪಕ್ಕಕ್ಕಿಟ್ಟು ಹಾಕ್ತಿದೀವಿ ಅಂತ.

ಮೊದಲು ನನ್ನ ಕಥೆ ಹೇಳ್ತೀನಿ.

ಹೋದ ವರ್ಷ ದೀಪಾವಳಿ ಹೊತ್ತಿಗೆ 2021ರ ಮಾಡೆಲ್ ಡೀಸೆಲ್ ಗಾಡಿ 7 ಲಕ್ಷ 40 ಸಾವಿರಕ್ಕೆ ತಗೊಂಡೆ. ಕಂಪನಿ ಹೆಸರು ಬೇಡ, ತಪ್ಪು ಕಂಪನಿದಲ್ಲ. ಅದೇ ವರ್ಷದ, ಅದೇ ಗಾಡಿಯ ಪೆಟ್ರೋಲ್ 6 ಲಕ್ಷ 20 ಸಾವಿರಕ್ಕೆ ಪಕ್ಕದಲ್ಲೇ ನಿಂತಿತ್ತು. ಮಗಳು "ಪೆಟ್ರೋಲ್ ಸಾಕಲ್ವಾ ಅಪ್ಪ" ಅಂದಳು. ನಾನು ನಕ್ಕು "ನಿನಗೇನು ಗೊತ್ತಮ್ಮ, ಡೀಸೆಲ್ ಇಂಜಿನ್ ಗಟ್ಟಿ" ಅಂದೆ. ಮೇಲಿನ ದುಡ್ಡಿಗೆ ಹೆಂಡತಿ ಬಳೆ ಬ್ಯಾಂಕಲ್ಲಿ ಇಟ್ಟೆ. ಗಾಡಿ ತಗೊಂಡ ಮುಖ್ಯ ಕಾರಣ ನಮ್ಮಮ್ಮ. ಅವರಿಗೆ 78 ವರ್ಷ, ಉಬ್ಬಸ, ಮಂಡಿ ನೋವು. ರಾತ್ರಿ ಹೊತ್ತು ಬೈಕಲ್ಲಿ ಕೂರಿಸ್ಕೊಂಡು ಹೋಗೋ ಹಾಗಿಲ್ಲ.

ಎಂಟು ತಿಂಗಳು ಚೆನ್ನಾಗೇ ಓಡ್ತು. ಜುಲೈಲಿ ಡ್ಯಾಶ್‌ಬೋರ್ಡಲ್ಲಿ ಒಂದು ಹಳದಿ ಲೈಟು ಬಂತು. ಎರಡು ಮೂರು ದಿನ ಬರೋದು, ಹೋಗೋದು. ನಾನು ಟ್ರ್ಯಾಕ್ಟರ್ ಓಡಿಸ್ಕೊಂಡು ಬೆಳೆದೋನು, ಲೈಟಿಗೆಲ್ಲ ಹೆದರೋನಲ್ಲ ಅಂತ ಬಿಟ್ಟೆ. ಎರಡು ವಾರ ಕಳೀತು. ಒಂದು ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಸಿರು ಸಿಗದಂಗಾಯ್ತು. ತಿಪಟೂರಿನ ಆಸ್ಪತ್ರೆಗೆ ಹೋದ್ವಿ, ಅಲ್ಲಿ ನೋಡಿ "ತುಮಕೂರಿಗೆ ಕರ್ಕೊಂಡು ಹೋಗಿ" ಅಂದ್ರು. ಹೊರಟ್ವಿ. ಕೆ.ಬಿ. ಕ್ರಾಸ್ ಹತ್ತಿರ ಬರೋ ಹೊತ್ತಿಗೆ ಗಾಡಿ ಎಳೀತಾನೇ ಇಲ್ಲ. ಎಷ್ಟು ಆಕ್ಸಿಲರೇಟರ್ ತುಳಿದ್ರೂ 40ರ ಮೇಲೆ ಹೋಗ್ತಿಲ್ಲ. ಹಿಂದಿನ ಸೀಟಲ್ಲಿ ಅಮ್ಮ, ಅಮ್ಮನ ಬೆನ್ನು ನೀವುತ್ತಾ ನನ್ನ ಹೆಂಡತಿ. ನಾನು ಮುಂದೆ ಕೂತು ಬೆವರ್ತಿದ್ದೆ. ಕೊನೆಗೆ ನಮ್ಮೂರ ಹುಡುಗನಿಗೆ ಫೋನ್ ಮಾಡಿ, ಅವನ ಹನ್ನೆರಡು ವರ್ಷದ ಹಳೇ ಪೆಟ್ರೋಲ್ ಕಾರು ತರಿಸಿ, ರಸ್ತೆ ಪಕ್ಕದಲ್ಲಿ ಅಮ್ಮನ್ನ ಎತ್ತಿ ಅದಕ್ಕೆ ಕೂರಿಸಿ ತುಮಕೂರು ಮುಟ್ಟಿಸಿದ್ವಿ. ಐದು ದಿನ ಆಸ್ಪತ್ರೆಲಿ ಇದ್ದು ಬಂದ್ರು. ಈಗ ಚೆನ್ನಾಗಿದಾರೆ, ಇದನ್ನ ಬರೆಯೋವಾಗಲೂ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದಾರೆ. ಆದ್ರೆ ಯಾವ ಕೆಲಸಕ್ಕೆ ಅಂತ ಗಾಡಿ ತಂದಿದ್ನೋ ಆ ಕೆಲಸಕ್ಕೇ ಅದು ಕೈ ಕೊಡ್ತು.

ಯಾಕೆ ಕೈ ಕೊಡ್ತು ಅನ್ನೋದು ಗ್ಯಾರೇಜಲ್ಲಿ ಗೊತ್ತಾಯ್ತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್ 6 ಬಂತು. ಅಲ್ಲಿಂದೀಚೆಗೆ ಬಂದ ಡೀಸೆಲ್ ಕಾರುಗಳ ಸೈಲೆನ್ಸರ್ ದಾರೀಲಿ ಡಿಪಿಎಫ್ ಅಂತ ಒಂದು ಜರಡಿ ಇರುತ್ತೆ. ಇಂಜಿನ್ ಬಿಡೋ ಮಸಿಯನ್ನೆಲ್ಲ ಅದು ಹಿಡಿದು ಇಟ್ಕೊಳ್ಳುತ್ತೆ. ಹಿಡಿದ ಮಸಿ ತುಂಬಿದಾಗ ಅದನ್ನ ಅದೇ ಸುಟ್ಕೊಂಡು ಕ್ಲೀನ್ ಆಗಬೇಕು. ಸುಡಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬರಬೇಕಂದ್ರೆ ಗಾಡಿ ಹೈವೇಲಿ ನಿಲ್ಲದಂಗೆ ಒಂದು ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ನನ್ನ ಗಾಡಿ ಎಲ್ಲಿ ಓಡ್ತಿತ್ತು? ಮನೆಯಿಂದ ತೋಟಕ್ಕೆ, ಮನೆಯಿಂದ ತಿಪಟೂರಿಗೆ 11 ಕಿಲೋಮೀಟರು. ಇಂಜಿನ್ ಬಿಸಿ ಆಗೋ ಹೊತ್ತಿಗೆ ಆಫ್ ಮಾಡ್ತಿದ್ದೆ. ಮಸಿ ಸುಡಕ್ಕೆ ಶುರುವಾದಾಗೆಲ್ಲ ಅರ್ಧಕ್ಕೆ ನಿಲ್ಲಿಸ್ತಿದ್ದೆ. ಇನ್ನೊಂದು ಕೇಳಿ: ಹಂಗೆ ಅರ್ಧಕ್ಕೆ ನಿಂತಾಗ ಸುಡಕ್ಕೆ ಅಂತ ಬಿಟ್ಟ ಡೀಸೆಲ್ ಇಂಜಿನ್ ಆಯಿಲ್ ಜೊತೆ ಸೇರ್ಕೊಳ್ಳುತ್ತೆ. ಕಡ್ಡಿ ತೆಗೆದು ನೋಡಿದ್ರೆ ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿರುತ್ತೆ. ನಾನು ನೋಡಿ ಖುಷಿ ಪಟ್ಟಿದ್ದೆ, ಆಯಿಲ್ ಕುಡೀತಿಲ್ಲ ಗಾಡಿ ಅಂತ!

ಜರಡಿ ಮಿತಿ ಮೀರಿ ಕಟ್ಕೊಂಡ ಮೇಲೆ ಇಂಜಿನ್ ಉಳಿಸ್ಕೊಳ್ಳಕ್ಕೆ ಗಾಡಿ ತಾನೇ ಶಕ್ತಿ ಇಳಿಸ್ಕೊಳ್ಳುತ್ತೆ. ಅದೇ ಆ ರಾತ್ರಿ ಆಗಿದ್ದು. ಜರಡಿ ಬಿಚ್ಚಿ ಕ್ಲೀನ್ ಮಾಡಿ, ಒಂದು ಸೆನ್ಸರ್ ಬದಲಾಯಿಸಿ, ಆಯಿಲ್ ಬದಲಾಯಿಸಿ 38,500 ರೂಪಾಯಿ ಬಿಲ್. ಹೊಸ ಜರಡಿ ಹಾಕಿದ್ರೆ ಲಕ್ಷದ ಮೇಲೆ ಆಗ್ತಿತ್ತಂತೆ.

ಇಲ್ಲಿ ನಮ್ಮ ತಪ್ಪು ತಿಳುವಳಿಕೆ ಏನು ಅಂತ ನಾನು ತುಂಬಾ ಯೋಚನೆ ಮಾಡಿದೆ. ನಮಗೆ ಡೀಸೆಲ್ ಅಂದ್ರೆ ಟ್ರ್ಯಾಕ್ಟರು, ಟಿಲ್ಲರು, ಹಳೇ ಪಂಪ್‌ಸೆಟ್ಟು. ಹೊಗೆ ಉಗುಳ್ಕೊಂಡು, ಧೂಳು ತಿಂದ್ಕೊಂಡು, ಇಪ್ಪತ್ತು ವರ್ಷ ದುಡಿಯೋ ಇಂಜಿನ್. ಆ ನಂಬಿಕೆ ಸುಳ್ಳಲ್ಲ. ಆದ್ರೆ ನಮ್ಮ 50 ಎಚ್‌ಪಿ ಒಳಗಿನ ಟ್ರ್ಯಾಕ್ಟರಿಗೆ 2025ರವರೆಗೂ ಕಾರಿನಷ್ಟು ಬಿಗಿ ಹೊಗೆ ನಿಯಮ ಬಂದಿರಲಿಲ್ಲ. ಟ್ರ್ಯಾಕ್ಟರ್ ಹೊಲಕ್ಕೆ ಇಳಿದ್ರೆ ಗಂಟೆಗಟ್ಟಲೆ ಲೋಡಲ್ಲಿ ದುಡಿಯುತ್ತೆ, ಮೈ ಬಿಸಿಯಾಗೇ ಇರುತ್ತೆ. ಕಾರಿನ ಡೀಸೆಲ್ ಇಂಜಿನ್ನೇ ಬೇರೆ ಜಾತಿ. ಅದರಲ್ಲಿ ಡೀಸೆಲ್ಲನ್ನ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೂದಲಷ್ಟು ಸಣ್ಣ ತೂತಲ್ಲಿ ಬಿಡುತ್ತೆ. ಕಾರಿನ ಟೈರಲ್ಲಿ ಇರೋ ಗಾಳಿ ಎರಡು ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಒಂದು ಹನಿ ನೀರು, ಒಂದು ಚಿಟಿಕೆ ಕಸ ಹೋದ್ರೆ ಇಂಜೆಕ್ಟರ್ ಕೆಡುತ್ತೆ. ನಮ್ಮಲ್ಲಿ ಎಷ್ಟು ಜನ ಟ್ರ್ಯಾಕ್ಟರಿಗೆ ಅಂತ ತಂದಿಟ್ಟ ಡ್ರಮ್ಮಿನ ಡೀಸೆಲ್ಲನ್ನೇ ಕಾರಿಗೂ ಸುರೀತೀವಿ ಹೇಳಿ? ದಯವಿಟ್ಟು ಹಂಗೆ ಮಾಡಬೇಡಿ.

ಎರಡನೇದು ರೇಟು. ಡೀಸೆಲ್ ಅಂದ್ರೆ ಅಗ್ಗ ಅನ್ನೋದು ನಮ್ಮ ತಲೇಲಿ ಕೂತಿರೋದು 2012ರ ಕಾಲದ ಲೆಕ್ಕ. ಆಗ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿ ಆಸುಪಾಸು ವ್ಯತ್ಯಾಸ ಇತ್ತು. 2014ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆ ಮೇಲಿನ ಹಿಡಿತ ಬಿಟ್ಟ ಮೇಲೆ ಆ ಅಂತರ ಕರಗಿಹೋಯ್ತು. 2025ರ ಏಪ್ರಿಲಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ತೆರಿಗೆ ಏರಿಸಿದ ಮೇಲೆ ಬೆಂಗಳೂರಲ್ಲಿ ಡೀಸೆಲ್ 91, ಪೆಟ್ರೋಲ್ 103ರ ಹತ್ತಿರ ಇತ್ತು. ಆಗ ಅಂತರ 12 ರೂಪಾಯಿ.

ಈಗ ಲೆಕ್ಕಕ್ಕೆ ಬರೋಣ. ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನಾನು ಒಂದು ತಿಂಗಳು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ ಗಾಡಿ ಓಡಿದ್ದನ್ನ ಬರೆದೆ. ತಿಪಟೂರಿಗೆ ಹೋಗಿ ಬರೋದು 22 ಕಿ.ಮೀ., ತಿಂಗಳಲ್ಲಿ 16 ಸಲ, ಅಂದ್ರೆ 352. ತುಮಕೂರಿಗೆ ಒಂದು ಸಲ, 150. ಹೆಂಡತಿ ತವರಿಗೆ ಒಂದು ಸಲ, 50. ತೋಟ, ಡೇರಿ, ಊರೊಳಗೆ ಎಲ್ಲ ಸೇರಿ 100. ಒಟ್ಟು ಸುಮಾರು 650. ವರ್ಷಕ್ಕೆ 7,800 ಕಿಲೋಮೀಟರು. ನಾನು ಮನಸ್ಸಲ್ಲಿ "ತಿಂಗಳಿಗೆ ಸಾವಿರದೈನೂರು ಓಡುತ್ತೆ" ಅಂದ್ಕೊಂಡಿದ್ದೆ. ಬರೆದ ಮೇಲೇ ನಿಜ ಗೊತ್ತಾಗಿದ್ದು.

ಡೀಸೆಲ್ ಗಾಡಿ ಲೀಟರಿಗೆ 17, ಪೆಟ್ರೋಲ್ 13 ಕೊಡುತ್ತೆ ಅಂತ ಇಟ್ಕೊಳ್ಳಿ. ಇದು ಕಂಪನಿ ಹೇಳೋ ಮೈಲೇಜ್ ಅಲ್ಲ, ನಮ್ಮ ಕಡೆ ಓಡಿಸೋರು ಹೇಳೋ ಅಂದಾಜು. 7,800 ಕಿ.ಮೀ.ಗೆ ಪೆಟ್ರೋಲ್ 600 ಲೀಟರ್, 61,800 ರೂಪಾಯಿ. ಡೀಸೆಲ್ ಸುಮಾರು 459 ಲೀಟರ್, 41,750 ರೂಪಾಯಿ. ಡೀಸೆಲ್ಲಲ್ಲಿ ವರ್ಷಕ್ಕೆ 20,000 ಉಳೀತು. ಒಳ್ಳೇದೇ ಅಲ್ವಾ? ತಾಳಿ. ಸರ್ವಿಸ್, ಫಿಲ್ಟರ್ ಖರ್ಚು ಡೀಸೆಲ್ಲಿಗೆ ವರ್ಷಕ್ಕೆ ಐದು ಸಾವಿರ ಜಾಸ್ತಿ ಹಿಡೀರಿ. ಉಳಿದಿದ್ದು 15,000. ನಾನು ಡೀಸೆಲ್ಲಿಗೆ ಅಂತ ಜಾಸ್ತಿ ಕೊಟ್ಟಿದ್ದು 1 ಲಕ್ಷ 20 ಸಾವಿರ. ಅದಕ್ಕೆ ನೂರಕ್ಕೆ 10ರಂತೆ ವರ್ಷದ ಬಡ್ಡಿ 12,000. ಕೈಗೆ ನಿಂತಿದ್ದು 3,000 ರೂಪಾಯಿ. ವರ್ಷಕ್ಕೆ! ಆ 3,000ಕ್ಕೆ ನಾನು 38,500 ರೂಪಾಯಿ ಬಿಲ್ ಕಟ್ಟಿದೆ.

ಈಗ ಇನ್ನೊಂದು ಮನೆ ಲೆಕ್ಕ. ನಮ್ಮ ಪಕ್ಕದೂರಲ್ಲಿ ನನ್ನ ಸ್ನೇಹಿತ ಒಬ್ಬ ಇದಾನೆ. ಅವನ ಮಗ ಬೆಂಗಳೂರಲ್ಲಿ ಎಳನೀರು ಮಂಡಿ ಇಟ್ಟಿದಾನೆ. ಇವನು ವಾರಕ್ಕೊಂದು ಸಲ, ಕೆಲವು ವಾರ ಎರಡು ಸಲ ಹೋಗಿ ಬರ್ತಾನೆ. ತಿಂಗಳಿಗೆ 1,800 ಕಿ.ಮೀ. ಮೇಲೆ. ಅದೇ 17, 13ರ ಲೆಕ್ಕದಲ್ಲಿ ಅವನಿಗೆ ವರ್ಷಕ್ಕೆ 55,000 ಉಳಿಯುತ್ತೆ. ಸರ್ವಿಸ್ ಖರ್ಚು, ಬಡ್ಡಿ ಕಳೆದ್ರೂ ಮೂರು ಮೂರೂವರೆ ವರ್ಷದಲ್ಲಿ ಜಾಸ್ತಿ ಕೊಟ್ಟ ದುಡ್ಡು ವಾಪಸ್ ಬಂತು. ಬಿ.ಎಚ್. ರೋಡಲ್ಲಿ ಎರಡೂವರೆ ಗಂಟೆ ಒಂದೇ ಸಮ ಓಡೋದ್ರಿಂದ ಜರಡಿ ತಾನಾಗೇ ಸುಟ್ಕೊಂಡು ಕ್ಲೀನ್ ಆಗುತ್ತೆ. ಅವನಿಗೆ ಇವತ್ತಿನವರೆಗೂ ಆ ಹಳದಿ ಲೈಟ್ ಬಂದೇ ಇಲ್ಲ. ನನಗೆ "ಡೀಸೆಲ್ಲೇ ತಗೋ" ಅಂದಿದ್ದೋನೂ ಅವನೇ! ಅವನು ಸುಳ್ಳು ಹೇಳಲಿಲ್ಲ. ಅವನ ಗಾಡಿ ವಿಷಯ ಅವನು ಹೇಳಿದ. ಅವನ ದಾರಿ ಬೇರೆ, ನನ್ನ ದಾರಿ ಬೇರೆ ಅನ್ನೋದನ್ನ ನಾನು ಯೋಚನೆ ಮಾಡಲಿಲ್ಲ.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟು. ತಿಂಗಳಿಗೆ ಸಾವಿರ ಕಿಲೋಮೀಟರ್ ಒಳಗೆ, ಅದೂ ಹತ್ತು ಹದಿನೈದು ಕಿಲೋಮೀಟರಿನ ಚಿಕ್ಕ ಓಡಾಟ ಇದ್ರೆ ಪೆಟ್ರೋಲ್ ತಗೊಳ್ಳಿ, ಕಣ್ಣು ಮುಚ್ಕೊಂಡು. ಸಾವಿರದೈನೂರು ದಾಟಿದ್ರೆ, ವಾರಕ್ಕೊಂದು ಸಲನಾದ್ರೂ ಹೈವೇ ಇದ್ರೆ ಡೀಸೆಲ್ ತಗೊಳ್ಳಿ. ಮಧ್ಯದಲ್ಲಿ ಇರೋರು ಗಾಡಿ ಸ್ಥಿತಿ ನೋಡಿ ತೀರ್ಮಾನ ಮಾಡಿ, ಇಂಧನ ನೋಡಿ ಅಲ್ಲ.

"ಲೋಡಿಗೆ ಡೀಸೆಲ್ ಬೇಕಲ್ಲಣ್ಣ, ಬೂಸಾ ಮೂಟೆ, ಕಾಯಿ ಚೀಲ ಹಾಕ್ಕೊಂಡು ಬರಬೇಕು" ಅನ್ನೋರು ಇದ್ದಾರೆ. ಎಳೆಯೋ ಶಕ್ತಿ ಡೀಸೆಲ್ಲಿಗೆ ಜಾಸ್ತಿ, ಒಪ್ತೀನಿ. ಏಳು ಜನ ಕೂರಿಸ್ಕೊಂಡು ಘಾಟಿ ಹತ್ತೋದಾದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಆದ್ರೆ ತಿಂಗಳಿಗೆ ಎರಡು ಸಲ ಬೂಸಾ ತರಕ್ಕೆ ಅಂತ ಲಕ್ಷ ಜಾಸ್ತಿ ಕೊಡೋ ಬದಲು ಲಗೇಜ್ ಆಟೋಗೆ ಬಾಡಿಗೆ ಕೊಡಿ. ಮನೆ ಗಾಡಿ ಸೀಟೂ ಉಳಿಯುತ್ತೆ.

ಪೆಟ್ರೋಲಲ್ಲೂ ತೊಂದರೆ ಇಲ್ಲ ಅಂತ ನಾನು ಹೇಳಲ್ಲ. ಈಗ ಬಂಕಲ್ಲಿ ಬರ್ತಿರೋದು ಇ20, ಅಂದ್ರೆ ನೂರಕ್ಕೆ 20 ಭಾಗ ಎಥನಾಲ್. ಕಬ್ಬು, ಮೆಕ್ಕೆಜೋಳದಿಂದಲೇ ಮಾಡೋದು, ರೈತನಾಗಿ ನಾನು ಬೇಡ ಅನ್ನಕ್ಕಾಗಲ್ಲ. ಆದ್ರೆ ಇ20ಗೆ ಅಂತ ಮಾಡದ ಹಳೇ ಕಾರಲ್ಲಿ ಮೈಲೇಜ್ ನೂರಕ್ಕೆ 6-7 ಕಮ್ಮಿ ಆಗಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. 2023ರ ಏಪ್ರಿಲ್ ಆದ ಮೇಲೆ ತಯಾರಾದ ಗಾಡಿ ಸಿಕ್ಕಿದ್ರೆ ಒಳ್ಳೇದು, ಅದರ ರಬ್ಬರ್, ಪೈಪು ಎಲ್ಲ ಇ20ಗೆ ಹೊಂದೋ ಹಾಗೆ ಇರುತ್ತೆ. ಅದಕ್ಕಿಂತ ಹಳೇದಾದ್ರೆ ಗಾಡಿ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ಏನು ಬರೆದಿದೆ ಅಂತ ಓದಿಸಿ. ಎಥನಾಲ್ ನೀರು ಹೀರುತ್ತೆ, ಅದಕ್ಕೆ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ. ಮೇಲೆ ನಾನು 13 ಅಂತ ಹಿಡಿದಿರೋದು ಇದನ್ನೂ ಸೇರಿಸ್ಕೊಂಡೇ.

"ಹಂಗಾದ್ರೆ ಜರಡಿ ಇಲ್ಲದ ಹಳೇ ಡೀಸೆಲ್?" ಅಂತ ಕೇಳ್ತೀರ. 2020ಕ್ಕಿಂತ ಮುಂಚಿನ ಬಿಎಸ್ 4 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಈ ಜರಡಿ ತಲೆನೋವಿಲ್ಲ. ಮಾರುತಿ ಕಂಪನಿ 2020ರಲ್ಲಿ ಡೀಸೆಲ್ ನಿಲ್ಲಿಸೇ ಬಿಡ್ತು, ಆದ್ರೂ ಅದರ ಹಳೇ ಡೀಸೆಲ್ ಬ್ರೆಜ್ಜಾ ರಿಪೇರಿ ಮಾಡೋರು ಎಲ್ಲಾ ಊರಲ್ಲೂ ಇದಾರೆ. ಒಳ್ಳೇ ಕೈಯಲ್ಲಿದ್ದ ಗಾಡಿ ಸಿಕ್ಕಿದ್ರೆ ನಾನು ಬೇಡ ಅನ್ನಲ್ಲ. ಆದ್ರೆ ಡೀಸೆಲ್ ಕಾರನ್ನ ಜನ ತಗೊಂಡಿದ್ದೇ ಜಾಸ್ತಿ ಓಡಿಸಕ್ಕೆ. ಏಳೆಂಟು ವರ್ಷದ ಡೀಸೆಲ್ ಗಾಡಿ ಮೀಟರಲ್ಲಿ 60 ಸಾವಿರ ತೋರಿಸಿದ್ರೆ ಮೊದಲು ಅನುಮಾನ ಪಡಿ. ಟರ್ಬೋ, ಇಂಜೆಕ್ಟರ್, ಕ್ಲಚ್ ಮೂರೂ ಒಟ್ಟಿಗೆ ಕೆಲಸಕ್ಕೆ ಬಂದ್ರೆ ಉಳಿಸಿದ ಡೀಸೆಲ್ ದುಡ್ಡೆಲ್ಲ ಅಲ್ಲೇ ಹೋಗುತ್ತೆ.

ಗಾಡಿ ನೋಡಕ್ಕೆ ಹೋದಾಗ ನಾನು ಮಾಡದೇ ಇದ್ದ, ನೀವು ಮಾಡಬೇಕಾದ ಕೆಲವು ಕೆಲಸ ಹೇಳ್ತೀನಿ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅರ್ಥ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಕೂಲೆಂಟ್ ಒಳಗೆ ಹೋಗ್ತಿರಬಹುದು. ಇಂಜಿನ್ ಓಡುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ, ಬುಸುಬುಸು ಅಂತ ಜೋರಾಗಿ ಹೊಗೆ ಬಂದ್ರೆ ಬಿಟ್ಟು ಬನ್ನಿ. ಸ್ಕ್ಯಾನರ್ ಇರೋ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗಿ. ಸಾವಿರ ಎರಡು ಸಾವಿರ ಕೊಟ್ರೂ ನಷ್ಟ ಇಲ್ಲ. ಬಿಎಸ್ 6 ಡೀಸೆಲ್ ಆದ್ರೆ ಜರಡೀಲಿ ಎಷ್ಟು ಮಸಿ ಕೂತಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. "ಜರಡಿ ಕಿತ್ತು ಹಾಕಿಸಿದ್ದೀವಿ, ಇನ್ನು ತೊಂದರೆ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಆ ಗಾಡಿ ಮುಟ್ಟಬೇಡಿ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ಕುಡಿಯೋರೂ ನಮ್ಮ ಮಕ್ಕಳೇ.

ದಿಲ್ಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಮೇಲೆ ನಿರ್ಬಂಧ ಬಂದಿದ್ರಿಂದ ಅಲ್ಲಿನ ಗಾಡಿಗಳು ಅಗ್ಗದಲ್ಲಿ ನಮ್ಮ ಕಡೆ ಬರ್ತವೆ. ಅಗ್ಗ ಅಂತ ಬೀಳಬೇಡಿ. ಎನ್‌ಒಸಿ ತರಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು, ಎಲ್ಲ ಸೇರಿದ್ರೆ ಅಗ್ಗ ಇರಲ್ಲ. ನಮ್ಮಲ್ಲಿ ಆ ಹತ್ತು ವರ್ಷದ ನಿಯಮ ಇಲ್ಲ. ಆರ್.ಸಿ. 15 ವರ್ಷ ನಡೆಯುತ್ತೆ, ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಫಾರಂ 29, 30ಕ್ಕೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ. ಆರ್.ಸಿ.ಯಲ್ಲಿ ಬ್ಯಾಂಕ್ ಸಾಲ ಇದ್ರೆ ಫಾರಂ 35 ಮತ್ತೆ ಬ್ಯಾಂಕಿನ ಎನ್‌ಒಸಿ ಕೇಳಿ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಗಾಡಿಗಳಿಗೆ, ಪೆಟ್ರೋಲ್ 1,200 ಸಿಸಿ, ಡೀಸೆಲ್ 1,500 ಸಿಸಿ ಒಳಗಿದ್ರೆ, ಜಿಎಸ್‌ಟಿ 18ಕ್ಕೆ ಇಳಿದಿದೆ. ಹೊಸದೇ ಇಳಿದ ಮೇಲೆ ಹಳೇದಕ್ಕೆ ಹಳೇ ರೇಟ್ ಯಾಕೆ ಕೊಡಬೇಕು? ಮೊದಲು ಶೋರೂಮಲ್ಲಿ ಹೊಸದರ ಆನ್ ರೋಡ್ ಬೆಲೆ ಬರೆಸ್ಕೊಂಡು, ಆ ಚೀಟಿ ಜೇಬಲ್ಲಿ ಇಟ್ಕೊಂಡು ಆಮೇಲೆ ಬ್ರೋಕರ್ ಹತ್ತಿರ ಹೋಗಿ.

ನನ್ನ ಗಾಡಿ ಈಗ ಏನಾಯ್ತು ಅಂತ ಕೇಳ್ತೀರ. ಮನೆ ಮುಂದೆ ಇದೆ. ಹತ್ತು ದಿನಕ್ಕೊಂದು ಸಲ ಸುಮ್ಮನೆ ಬಿ.ಎಚ್. ರೋಡಿಗೆ ತಗೊಂಡು ಹೋಗಿ ಅರ್ಧ ಗಂಟೆ ಓಡಿಸ್ಕೊಂಡು ಬರ್ತೀನಿ, ಜರಡಿ ಸುಟ್ಕೊಳ್ಳಲಿ ಅಂತ. ಹೆಂಡತಿ ನಗ್ತಾಳೆ, "ಎಮ್ಮೆ ಮೇಯಿಸ್ಕೊಂಡು ಬಂದ್ರಾ?" ಅಂತ. ಮಾರಬೇಕು ಅಂತಿದ್ದೀನಿ.

ಹೋದ ಭಾನುವಾರ ನಮ್ಮೂರ ಹುಡುಗನೇ ಒಬ್ಬ ಬಂದಿದ್ದ. ಎರಡು ಎಕರೆ ತೋಟ, ಚಿಕ್ಕ ಮಗು, ವಯಸ್ಸಾದ ಅಪ್ಪ. "ಅಣ್ಣ, ಕೇಳಿದಷ್ಟು ಕೊಡ್ತೀನಿ, ನಿಮ್ಮ ಗಾಡಿ ನನಗೇ ಕೊಡಿ" ಅಂದ. ತಿಂಗಳಿಗೆ ಎಷ್ಟು ಓಡಿಸ್ತೀಯಪ್ಪ ಅಂದೆ. ತಿಪಟೂರಿಗೆ ಹೋಗಿ ಬರೋದು, ಅಪ್ಪನ ಆಸ್ಪತ್ರೆ, ಮಗು ಸ್ಕೂಲು ಅಂದ. ನನ್ನದೇ ಪಟ್ಟಿ. "ನಿನಗೆ ಕೊಡಲ್ಲ ಕಣೋ" ಅಂದೆ. ಬೇಜಾರು ಮಾಡ್ಕೊಂಡು ಹೋದ. ದುಡ್ಡು ಬೇರೆ ಯಾರಿಗೋ ಮಾತಾಗಿದೆ, ಅದಕ್ಕೇ ಕೊಡ್ತಿಲ್ಲ ಅಂದ್ಕೊಂಡಿದಾನೆ. ಅಪ್ಪ, ನೀನು ಇದನ್ನ ಓದ್ತಿದ್ರೆ, ಕಾರಣ ಇದೇ. ಬೆಂಗಳೂರಿಗೋ ಮಂಗಳೂರಿಗೋ ವಾರವಾರ ಓಡೋರು ಯಾರಾದ್ರೂ ಬಂದ್ರೆ, ಬಿಲ್ ತೋರಿಸಿ, ಎಲ್ಲಾ ಹೇಳಿ ಕೊಡ್ತೀನಿ. ನೀನು ಒಂದು ತಿಂಗಳು ನಿನ್ನ ಕಿಲೋಮೀಟರ್ ಬರ್ಕೊಂಡು ಬಾ, ಪೆಟ್ರೋಲ್ ಗಾಡಿ ನೋಡಕ್ಕೆ ನಾನೇ ಜೊತೆಗೆ ಬರ್ತೀನಿ.

ನೀವೆಲ್ಲ ನಿಮ್ಮ ಗಾಡಿ ತಿಂಗಳಿಗೆ ಎಷ್ಟು ಓಡುತ್ತೆ, ಎಷ್ಟು ಮೈಲೇಜ್ ಕೊಡುತ್ತೆ ಅಂತ ಕೆಳಗೆ ಬರೀರಿ. ಅಂದಾಜಲ್ಲ, ಬರೆದಿಟ್ಟ ಲೆಕ್ಕ. ಮುಂದೆ ತಗೊಳ್ಳೋರಿಗೆ ಉಪಯೋಗ ಆಗುತ್ತೆ. ರಾಗಿ ಕೊಯ್ಲು ಮುಗಿದ ಮೇಲೆ ಮತ್ತೆ ಸಿಗ್ತೀನಿ.